ಜಾಣಗಸುಬು

ಇಂಗ್ಲಿಷ್ ಎಂದರೆ ನ್ಯಾಯಸ್ಥಾನದ ಭಾಷೆ, ಶಾಸ್ತ್ರದ ಭಾಷೆ, ವಾದ ಹೂಡಿ ಗೆಲ್ಲುವವರ ಭಾಷೆ ಎಂಬ ನಂಬಿಕೆ ಈ ನಾಡಿನಲ್ಲಿ ಆಳವಾಗಿ ಬೇರೂರಿದೆ. ಪ್ರಪೊಸಿಷನ್, ಡೆಫಿನಿಷನ್, ಕನ್‌ಕ್ಲೂಷನ್ ಮುಂತಾದ ಪದಗಳನ್ನು ಆ ಭಾಷೆ ಕರ್ಣನ ಕವಚ ಕುಂಡಲಗಳಂತೆ ಹುಟ್ಟುವಾಗಲೇ ತೊಟ್ಟು ಬಂದಿತೆಂದು ಜನ ತಿಳಿದಿದ್ದಾರೆ. ಹದಿನಾರನೆಯ ಶತಮಾನದ ಇಂಗ್ಲಿಷರ ಮುಂದೆ ಈ ಮಾತನ್ನಾಡಿದ್ದರೆ ಅವರು ನಕ್ಕುಬಿಡುತ್ತಿದ್ದರು. ಅಂದು ತರ್ಕವೆಂದರೆ ಲ್ಯಾಟಿನ್. ಕಾನೂನೆಂದರೆ ಲ್ಯಾಟಿನ್ ಮತ್ತು ಮುರುಕು ಫ್ರೆಂಚ್. ಇಂಗ್ಲಿಷ್ ಇದ್ದದ್ದು ಸಂತೆಗೆ, ಅಡಿಗೆಮನೆಗೆ, ಜಗಳಕ್ಕೆ, ಜೋಗುಳಕ್ಕೆ. ನಾಟಕಕ್ಕೂ ಪದ್ಯಕ್ಕೂ ಅದು ಸಲ್ಲುತ್ತಿತ್ತು, ನಿಜ. ಆದರೆ ಒಂದು ಮಾತು ಸತ್ಯವೋ ಸುಳ್ಳೋ ಎಂದು ಒರೆಗೆ ಹಚ್ಚಿ ನೋಡುವ ವಿದ್ಯೆ ಆ ಭಾಷೆಗೆ ದಕ್ಕೀತೆಂದು ನಂಬಿದ ಪಂಡಿತರು ವಿರಳ.

೧೫೫೧ರಲ್ಲಿ ಥಾಮಸ್ ವಿಲ್ಸನ್ ಎಂಬ ತರುಣ ವಿದ್ವಾಂಸನು ‘ದಿ ರೂಲ್ ಆಫ್ ರೀಸನ್’ ಎಂಬ ಗ್ರಂಥವನ್ನು ಅಚ್ಚು ಹಾಕಿಸಿ ಬಾಲಕ ದೊರೆ ಆರನೆಯ ಎಡ್ವರ್ಡನಿಗೆ ಅರ್ಪಿಸಿದನು. ಇಂಗ್ಲಿಷಿನಲ್ಲಿ ಅಚ್ಚಾದ ಮೊದಲನೆಯ ತರ್ಕಗ್ರಂಥವಿದು. ವಿಲ್ಸನ್ ವ್ಯವಹಾರಜ್ಞಾನವುಳ್ಳವನು. ಇಂಗ್ಲಿಷಿನಲ್ಲಿ ಇಲ್ಲದ ಪದಗಳಿಗಾಗಿ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಲ್ಯಾಟಿನ್ ಪದಗಳ ಬಾಲ ಕತ್ತರಿಸಿ ಇಂಗ್ಲಿಷ್ ಅಂಗಿ ತೊಡಿಸಿ ಕೂರಿಸಿದನು. ಆದರೆ ಉದಾಹರಣೆಗಳನ್ನು ಮಾತ್ರ ತನ್ನ ಕಾಲದ ಬಿಸಿ ಕೆಂಡದಿಂದಲೇ ಆರಿಸಿಕೊಂಡನು. ಪಾದ್ರಿಯು ಮದುವೆಯಾಗಬಹುದೇ ಎಂಬುದು ಅವನು ಹಿಡಿದ ಪ್ರಶ್ನೆಗಳಲ್ಲೊಂದು. ಮೂರನೆಯ ಮುದ್ರಣದಲ್ಲಿ ನಿಕೊಲಸ್ ಉಡಾಲನ ಪ್ರಹಸನವೊಂದರ ಪ್ರೇಮಪತ್ರವನ್ನು ಸೇರಿಸಿದನು. ಅದನ್ನು ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿದರೆ ವಿಧವೆಯೊಬ್ಬಳಿಗೆ ಬರೆದ ಒಲವಿನ ಓಲೆ. ನಿಲ್ಲಿಸಬಾರದಲ್ಲಿ ನಿಲ್ಲಿಸಿದರೆ ಅದೇ ಅಕ್ಷರಗಳು ಶುದ್ಧ ಬೈಗಳು! ಪದಗಳನ್ನು ಅರಿತರೆ ಸಾಲದು, ಜೋಡಣೆಯನ್ನೂ ಅರಿಯಬೇಕೆಂದು ಕಲಿಸಲು ಇದಕ್ಕಿಂತ ಸೊಗಸಾದ ಪಾಠ ಸಿಕ್ಕುವುದು ಕಷ್ಟ.

ಈ ಪುಸ್ತಕ ವಿಲ್ಸನ್ನನ ಕೊರಳಿಗೇ ಬಂತು. ಮೇರಿ ರಾಣಿಯ ಕಾಲದಲ್ಲಿ ಅವನು ದೇಶ ಬಿಟ್ಟು ಇಟಲಿ ಸೇರಿದ್ದನು. ರೋಮಿನ ಧರ್ಮಾಧಿಕಾರಿಗಳು ಅವನನ್ನು ಹಿಡಿದು ಸೆರೆಗೆ ತಳ್ಳಿದರು. ಹೊರಿಸಿದ ಅಪರಾಧಗಳಲ್ಲಿ ತರ್ಕ ಮತ್ತು ಅಲಂಕಾರಶಾಸ್ತ್ರದ ಮೇಲೆ ಅವನು ಬರೆದ ಪುಸ್ತಕಗಳೂ ಸೇರಿದ್ದವು. ೧೫೫೯ರಲ್ಲಿ ನಾಲ್ಕನೆಯ ಪಾಲ್ ಪೋಪನು ತೀರಿಕೊಂಡಾಗ ರೋಮಿನ ಜನ ದಂಗೆಯೆದ್ದು ಆ ಸೆರೆಮನೆಯ ಬಾಗಿಲು ಮುರಿದರು, ವಿಲ್ಸನ್ ಪಾರಾದನು. ಮುಂದೆ ಎಲಿಜಬೆತ್ ರಾಣಿಯ ಕಾರ್ಯದರ್ಶಿಯ ಪದವಿಗೂ ಏರಿದನು. ಮನೆಮಾತಿನಲ್ಲಿ ತರ್ಕ ಹೇಳುವುದು ಎಷ್ಟು ಅಪಾಯದ ಕೆಲಸವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವಿಲ್ಸನ್ನನ ದಾರಿ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಕೇಂಬ್ರಿಜ್ಜಿನ ಗ್ರೀಕ್ ಪ್ರಾಧ್ಯಾಪಕ ಜಾನ್ ಚೀಕ್ ಇಂಗ್ಲಿಷು ಬೆರಕೆಯಿಲ್ಲದೆ ಇರಬೇಕೆನ್ನುವವನು. ರಾಬರ್ಟ್ ರೆಕಾರ್ಡ್ ಎಂಬ ವೈದ್ಯನು ರೇಖಾಗಣಿತಕ್ಕೂ ಅಚ್ಚ ಇಂಗ್ಲಿಷ್ ಪದಗಳನ್ನು ಕಟ್ಟಿದನು. ಸಮಬಾಹು ತ್ರಿಭುಜವು ಅವನಿಗೆ ‘ಥ್ರೀಲೈಕ್’, ವಿಶಾಲಕೋನವು ‘ಬ್ಲಂಟ್ ಕಾರ್ನರ್’, ಅಂದರೆ ಮೊಂಡು ಮೂಲೆ. ಆ ಪದಗಳೆಲ್ಲ ಹೋದವು. ಆದರೆ ‘ಸಮ’ ಎಂದು ಮತ್ತೆ ಮತ್ತೆ ಬರೆದು ಬೇಸತ್ತು ೧೫೫೭ರಲ್ಲಿ ಅವನೆಳೆದ ಎರಡು ಸಮಾನಾಂತರ ಗೆರೆಗಳನ್ನು ಇಂದು ಲೋಕದ ಸಕಲ ಶಾಲಾಬಾಲಕರೂ ಬರೆಯುತ್ತಾರೆ!

ಇವರೆಲ್ಲರಿಗಿಂತ ಮುಂದೆ ಹೋದವನು ರಾಲ್ಫ್ ಲೀವರ್. ಡರ್ಹಮಿನ ಈ ಪಾದ್ರಿ ೧೫೭೩ರಲ್ಲಿ ಹೊರತಂದ ತರ್ಕಗ್ರಂಥಕ್ಕೆ ‘ಲಾಜಿಕ್’ ಎಂಬ ಗ್ರೀಕ್ ಮೂಲದ ಹೆಸರೇ ಬೇಡವಾಯಿತು. ಅವನಿಟ್ಟ ಹೆಸರು ‘ವಿಟ್‌ಕ್ರಾಫ್ಟ್’. ಕನ್ನಡದಲ್ಲಿ ಹೇಳುವುದಾದರೆ ಜಾಣಗಸುಬು. ಇಂಗ್ಲಿಷ್ ಪದಗಳು ಬಹುಪಾಲು ಒಂದೊಂದೇ ಉಚ್ಚಾರದ ಪುಟ್ಟ ಪದಗಳು. ಎರಡನ್ನು ಒಟ್ಟಿಗೆ ಸೇರಿಸಿದರೆ ಮೂರನೆಯದು ಸಲೀಸಾಗಿ ಹುಟ್ಟುತ್ತದೆಂಬುದು ಅವನ ವಾದ. ಹೀಗೆ ವಾದದ ಆಧಾರವಾಕ್ಯಕ್ಕೆ ‘ಫೋರ್‌ಸೇ’, ಅಂದರೆ ಮುನ್ನುಡಿ. ನಿರ್ಣಯಕ್ಕೆ ‘ಎಂಡ್‌ಸೇ’, ಕೊನೆನುಡಿ. ಒಪ್ಪುವ ಮಾತು ‘ಯೇಸೇ’, ಅಲ್ಲಗಳೆಯುವ ಮಾತು ‘ನೇಸೇ’. ಲಕ್ಷಣ ಹೇಳುವುದು ‘ಸೇವಾಟ್’. ಲ್ಯಾಟಿನ್ ಓದದ ಒಬ್ಬ ಸಾಮಾನ್ಯ ಇಂಗ್ಲಿಷನ ಮುಂದೆ ಲ್ಯಾಟಿನ್ ಪದವನ್ನೂ ತನ್ನ ಪದವನ್ನೂ ಇಟ್ಟು ನೋಡಿ, ಯಾವುದು ಮೊದಲು ಅರ್ಥವಾಗುತ್ತದೋ ತಿಳಿದೀತೆಂದು ಅವನ ಪಂಥ. ಪಾಪ, ಅವನ ಕಳಕಳಿ ಪ್ರಾಮಾಣಿಕವಾದದ್ದು. ಆದರೆ ಪುಸ್ತಕದ ಕೊನೆಯಲ್ಲಿ ತನ್ನ ಹೊಸ ಪದಗಳಿಗೆ ಅವನೇ ಒಂದು ಅರ್ಥಸೂಚಿಯನ್ನು ಸೇರಿಸಬೇಕಾಯಿತು!

ಹದಿಮೂರನೆಯ ಶತಮಾನದ ಆಂಡಯ್ಯನನ್ನು ಬಲ್ಲ ಕನ್ನಡಿಗರಿಗೆ ಈ ಹಟ ಹೊಸದಲ್ಲ. ಸಂಸ್ಕೃತದ ತತ್ಸಮಗಳ ಸೋಂಕಿಲ್ಲದೆ ‘ಕಬ್ಬಿಗರ ಕಾವ’ವನ್ನು ಅವನು ಕಟ್ಟಿ ನಿಲ್ಲಿಸಿದನು. ಆದರೆ ಅದು ಕಾಮನ ಕಥೆ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ನ್ಯಾಯಶಾಸ್ತ್ರದ ಐದು ಮೆಟ್ಟಿಲುಗಳನ್ನು ಅಚ್ಚಗನ್ನಡದಲ್ಲಿ ಹತ್ತುವ ಸಾಹಸಕ್ಕೆ ಆಂಡಯ್ಯನೂ ಇಳಿಯಲಿಲ್ಲ.

ಲೀವರನ ಪದಗಳು ನಿಲ್ಲಲಿಲ್ಲ. ಎಲ್ಲಕ್ಕೂ ಅಡ್ಡಮಾತು ಹೇಳುವವನನ್ನು ಇಂಗ್ಲಿಷರು ಇಂದಿಗೂ ‘ನೇಸೇಯರ್’ ಎನ್ನುತ್ತಾರೆ. ಅದರಲ್ಲಿ ತರ್ಕದ ವಾಸನೆಯೇನೂ ಉಳಿದಿಲ್ಲ. ವಿಲ್ಸನ್ ತೊಡಿಸಿದ ಲ್ಯಾಟಿನ್ ಅಂಗಿಗಳೇ ಗೆದ್ದವು. ಗೆದ್ದ ಪದಗಳೂ ಎಲ್ಲೆಲ್ಲಿಗೋ ಅಲೆದವು. ‘ಪ್ರೆಮಿಸಸ್’ ಎಂದರೆ ಮೊದಲು ಹೇಳಿದ ಮಾತುಗಳು. ಆಸ್ತಿಪತ್ರ ಬರೆಯುವ ವಕೀಲರು ‘ಮೇಲೆ ಹೇಳಿದ’ ಮನೆ, ಹಿತ್ತಿಲುಗಳಿಗೆ ಅದೇ ಪದವನ್ನು ಬಳಸಿ ಬಳಸಿ, ಕೊನೆಗೆ ಅದು ಕಟ್ಟಡಕ್ಕೇ ಹೆಸರಾಯಿತು. ಅಂತೂ ಆವರಣದೊಳಗೆ ಧೂಮಪಾನ ನಿಷೇಧಿಸುವ ಇಂಗ್ಲಿಷ್ ಫಲಕದಲ್ಲಿ ಒಂದು ತುಣುಕು ತರ್ಕಶಾಸ್ತ್ರ ಅಡಗಿ ಕುಳಿತಿದೆ.

ಆದರೆ ತರ್ಕದ ನಿಜವಾದ ಭಾರವನ್ನು ಹೊತ್ತವು ಯಾವ ಪದಗಳು? ‘ಇಫ್’, ‘ನಾಟ್’, ‘ಅಂಡ್’, ‘ಆರ್’, ‘ಆಲ್’. ಇವನ್ನು ಯಾವ ಪಂಡಿತನೂ ಟಂಕಿಸಲಿಲ್ಲ; ಸಂತೆಯ ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಇದ್ದವು. ಕರ್ನಾಟಕದ ಹಳ್ಳಿಯಿಂದ ಕಾಲೇಜಿಗೆ ಬಂದ ಹುಡುಗನು ಇಂಗ್ಲಿಷಿನಲ್ಲಿ ಎಡವುವುದೂ ಇಂತಹ ಸಣ್ಣ ಪದಗಳಲ್ಲಿಯೇ. ‘ಕನ್‌ಕ್ಲೂಷನ್’ ಎಂಬುದನ್ನು ಒಂದು ಸಂಜೆಯಲ್ಲಿ ಬಾಯಿಪಾಠ ಮಾಡಿಯಾನು. ‘ಅನ್‌ಲೆಸ್’ ಎಂಬುದು ವರ್ಷಗಟ್ಟಲೆ ಕಾಡುತ್ತದೆ. ಕನ್ನಡದಲ್ಲಿ ‘ಬಾರದಿದ್ದರೆ’ ಎನ್ನುವಾಗ ನಿಷೇಧವು ಕ್ರಿಯಾಪದದ ಹೊಟ್ಟೆಯೊಳಗೇ ಇದೆ. ಇಂಗ್ಲಿಷಿನಲ್ಲಿ ‘ಅನ್‌ಲೆಸ್’ ಒಂದೇ ಆ ನಿಷೇಧವನ್ನು ಹೊತ್ತಿರುತ್ತದೆ. ಹುಡುಗನು ಅಭ್ಯಾಸಬಲದಿಂದ ಇನ್ನೊಂದು ‘ನಾಟ್’ ಸೇರಿಸುತ್ತಾನೆ. ಹಣ ಕಟ್ಟದಿದ್ದರೆ ಕರಾರು ರದ್ದು ಎಂದು ಬರೆಯಹೊರಟವನು, ಕಟ್ಟಿದರೆ ರದ್ದು ಎಂದು ಬರೆದು ರುಜು ಹಾಕುತ್ತಾನೆ. ‘ಇಫ್’ ಕೂಡ ಇಂತಹದೇ. ಕನ್ನಡದಲ್ಲಿ ಅದು ಪದವೇ ಅಲ್ಲ, ‘ರೆ’ ಎಂಬ ಒಂದಕ್ಷರದ ಬಾಲ. ‘ಬಂದರೆ’ ಎಂಬುದಕ್ಕೂ ‘ಬಂದರೆ ಮಾತ್ರ’ ಎಂಬುದಕ್ಕೂ ಇರುವ ಅಂತರವನ್ನು ಹಳ್ಳಿಯ ಅಜ್ಜಿಯೂ ಬಲ್ಲಳು. ‘ಇಫ್’ ಮತ್ತು ‘ಓನ್ಲಿ ಇಫ್’ಗಳ ನಡುವೆ ಅವಳ ಪದವೀಧರ ಮೊಮ್ಮಗ ತಡವರಿಸುತ್ತಾನೆ. ಬುದ್ಧಿಯ ಕೊರತೆ ಇದಲ್ಲ. ದೊಡ್ಡ ಪದಗಳಿಗೆ ಪಟ್ಟಿ ಕೊಡುವ ಪಠ್ಯಗಳು ಈ ಸಣ್ಣ ಪದಗಳನ್ನು ಕನ್ನಡದ ಪಕ್ಕದಲ್ಲಿಟ್ಟು ತೂಗಿ ತೋರಿಸಿದುದು ಅಪರೂಪ.

ಕಾನೂನಿನ ಕಥೆ ಇನ್ನೂ ನಿಧಾನವಾದದ್ದು. ಜನರಿಗೆ ಫ್ರೆಂಚ್ ಅರ್ಥವಾಗದು, ಆದ್ದರಿಂದ ನ್ಯಾಯಸ್ಥಾನದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ೧೩೬೨ರಲ್ಲಿಯೇ ಇಂಗ್ಲೆಂಡಿನಲ್ಲಿ ಶಾಸನವಾಯಿತು. ಆ ಶಾಸನವನ್ನು ಬರೆದದ್ದು ಫ್ರೆಂಚಿನಲ್ಲಿ! ದಾಖಲೆಗಳು ಲ್ಯಾಟಿನ್ನಿನಲ್ಲೇ ಮುಂದುವರಿದವು. ಎಲ್ಲವೂ ಇಂಗ್ಲಿಷಿನಲ್ಲಿರಬೇಕೆಂಬ ೧೭೩೦ರ ಶಾಸನವು ಜಾರಿಗೆ ಬಂದದ್ದು ೧೭೩೩ರಲ್ಲಿ. ಅಲ್ಲಿಯವರೆಗೆ ತನ್ನ ಮೇಲಿನ ಮೊಕದ್ದಮೆಯ ಕಾಗದವನ್ನು ಓದಲಾರದೆ ಕಟಕಟೆಯಲ್ಲಿ ನಿಂತವರ ಲೆಕ್ಕವನ್ನು ಇಟ್ಟವರಾರು?

ಕನ್ನಡ ಈಗ ಅದೇ ಹಾದಿಯಲ್ಲಿದೆ. ೧೯೬೩ರ ರಾಜಭಾಷಾ ಅಧಿನಿಯಮದ ತರುವಾಯ ಕಾಯಿದೆಗಳಿಗೆ ಕನ್ನಡ ರೂಪಗಳು ಬಂದವು. ಇಂಗ್ಲಿಷಿನ ‘ಷಲ್’ ಎಂಬುದಕ್ಕೆ ‘ತಕ್ಕದ್ದು’, ‘ಮೇ’ ಎಂಬುದಕ್ಕೆ ‘ಬಹುದು’. ‘ತಕ್ಕದ್ದು’ ಬಿಗಿಯಾಗಿದೆ, ಗಂಭೀರವಾಗಿದೆ, ಕನ್ನಡದ್ದೇ ಆಗಿದೆ. ಲೀವರ್ ಕಂಡಿದ್ದರೆ ಸಂತೋಷಪಡುತ್ತಿದ್ದನು. ವಿನಾಯಿತಿ ಹೇಳುವ ಕಡೆಗೆ ಮಾತ್ರ ‘ಪರಂತು’ ಎಂದು ಬರೆಯುತ್ತಾರೆ. ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ನೋಟೀಸು ಹಿಡಿದು ಕುಳಿತ ರೈತ ಆ ಪದದ ಹತ್ತಿರ ಬಂದು ನಿಲ್ಲುತ್ತಾನೆ. “ಸ್ವಾಮಿ, ಇದೇನು ಪರಂತು?” ಎಂದು ಗುಮಾಸ್ತರನ್ನು ಕೇಳುತ್ತಾನೆ. “ಆದರೆ ಅಂತ ಕಣಯ್ಯ” ಎನ್ನುತ್ತಾರೆ ಅವರು, ತಲೆಯೆತ್ತದೆ. ರೈತ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು, ವಾಕ್ಯವನ್ನು ಮೊದಲಿನಿಂದ ಮತ್ತೆ ಓದಲು ತೊಡಗುತ್ತಾನೆ.