ಕಪಾಟಿನೊಳಗಿನ ಆಟದ ಪೆಟ್ಟಿಗೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಹೊರಗೆ ಮುಂಬಯಿಯ ಮಳೆ ಎಡೆಬಿಡದೆ ಸುರಿಯುತ್ತಿತ್ತು. ಒಂಬತ್ತನೆಯ ಇಯತ್ತೆಗೆ ನಾವು ವ್ಯಾಕರಣ ಹೇಳುತ್ತಿದ್ದೆವು. ತತ್ಪುರುಷ ಸಮಾಸವನ್ನು ಮುಗಿಸಿ ದ್ವಂದ್ವಕ್ಕೆ ಬರುವ ಹೊತ್ತಿಗೆ ಕೊನೆಯ ಬೆಂಚಿನ ಹುಡುಗನೊಬ್ಬನ ಗಲ್ಲದ ಮೇಲೆ ಬಣ್ಣಬಣ್ಣದ ಬೆಳಕು ಆಡುತ್ತಿರುವುದು ಕಂಡಿತು. ಮೆಲ್ಲನೆ ಹೋಗಿ ನೋಡಿದರೆ ತೊಡೆಯ ಮೇಲೆ ಒಂದು ಕರಿಯ ಹಲಗೆ. ಅದರ ಎಡಬಲಕ್ಕೆ ಒಂದು ಕೆಂಪು, ಒಂದು ನೀಲಿ ಹಿಡಿ. ಶಾಲೆಯ ನಿಯಮದಂತೆ ಅದನ್ನು ವಶಪಡಿಸಿಕೊಂಡು, ಸೀಮೆಸುಣ್ಣದ ಡಬ್ಬಗಳೂ ಹಳೆಯ ಭೂಪಟಗಳೂ ಇರುವ ನಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಪಾಲಕರು ಶಾಲೆಯ ವೇಳೆಯಲ್ಲಿ ಸ್ವತಃ ಬಂದರೆ ಮಾತ್ರ ವಸ್ತು ಮರಳುವುದು. ಹುಡುಗ ಏನನ್ನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡನು. ಅವನ ಹೆಸರನ್ನು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ, ಬಲ್ಲವರು ಬಲ್ಲರು.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಓಣಿಯಲ್ಲಿ ಹತ್ತನೆಯ ಇಯತ್ತೆಯ ಇನ್ನೊಬ್ಬ ಮಹಾಶಯನು ನಮ್ಮನ್ನು ಅಡ್ಡಗಟ್ಟಿದನು. "ಸರ್, ಅದು ಚಿಕ್ಕ ಮಕ್ಕಳ ಆಟಿಕೆ. ಡೊಂಬಿವಲಿಯಲ್ಲಿ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಪ್ಲೇಸ್ಟೇಷನ್ 5 ಇದೆ. ಅದರ ಮುಂದೆ ಇದು ಏನೂ ಅಲ್ಲ. ಹಾಗೆಂದುದಕ್ಕೇ ಇವನು ನಮಗೆ ತೋರಿಸುತ್ತೇನೆಂದು ಹಟದಿಂದ ಶಾಲೆಗೆ ತಂದದ್ದು." ಮೊದಲಿನ ಹುಡುಗನೂ ಹಿಂದೆಯೇ ನಿಂತಿದ್ದನು. "ನೀವೇ ಹೇಳಿ ಸರ್, ಯಾವುದು ಮೇಲು?" ಎಂದನು.

ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಊರು ಬಿಟ್ಟು ಬಂದು, ಈ ಮಹಾನಗರದಲ್ಲಿ ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನಮಗೆ ಪಂಪನೂ ರನ್ನನೂ ಗೊತ್ತು, ಪ್ಲೇಸ್ಟೇಷನ್ ಗೊತ್ತಿಲ್ಲ. ಹಾಗೆಂದು ಹುಡುಗರೆದುರು ಒಪ್ಪಿಕೊಳ್ಳಲು ಅಭಿಮಾನ ಬಿಡಲಿಲ್ಲ. ಒಂದು ವಾರದ ಅವಧಿ ಬೇಡಿದೆವು. ಬಲಶಾಲಿಯ ಎದುರು ಅಲ್ಪಬಲದವನು ನಿಂತಾನೆಯೆ ಎಂಬ ಪ್ರಶ್ನೆ ಕನ್ನಡ ಶಾಲೆಯ ಮಾಸ್ತರನ ಕಿವಿಗೆ ಬೀಳುವ ಬಗೆಯೇ ಬೇರೆ. ಅದಂತಿರಲಿ.

ಮೊದಲು ಬಲಾಬಲವನ್ನು ನೋಡಿದೆವು. ಹುಡುಗನ ಯಂತ್ರದ ಹೆಸರು ನಿಂಟೆಂಡೊ ಸ್ವಿಚ್. 2017ರ ಮಾರ್ಚ್ 3ರಂದು ಅದು ಮಾರುಕಟ್ಟೆಗೆ ಬಂದಿತು. ಬರುವಾಗಲೇ ಅದು ತನಗಿಂತ ಮೂರು ವರ್ಷಕ್ಕೂ ಹಿರಿಯದಾದ, 2013ರ ಪ್ಲೇಸ್ಟೇಷನ್ 4ಕ್ಕಿಂತ ದುರ್ಬಲವಾಗಿತ್ತು. 2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಬಂದ ಮೇಲಂತೂ ಹೋಲಿಕೆಯೇ ನಗೆಪಾಟಲು. ಆ ಪ್ಲೇಸ್ಟೇಷನ್ನಿನ ಮೊದಲ ಮಾದರಿಯ ತೂಕ 4.5 ಕಿಲೊ, ಸ್ವಿಚ್ಚು ಎರಡೂ ಹಿಡಿಗಳ ಸಮೇತ 400 ಗ್ರಾಮಿಗೆ ತುಸು ಕಡಿಮೆ.

ದೌರ್ಬಲ್ಯಕ್ಕೆ ಕಾರಣವೂ ಆ ತೂಕದಲ್ಲಿಯೇ ಇದೆ. ಗೋಡೆಯ ವಿದ್ಯುತ್ತನ್ನು ಹೀರಿ, ದೊಡ್ಡ ಬೀಸಣಿಗೆಯಿಂದ ಮೈ ತಣಿಸಿಕೊಳ್ಳುವ ಯಂತ್ರ ಎಷ್ಟು ಬೇಕಾದರೂ ದುಡಿಯಬಲ್ಲುದು. ಅಂಗೈಯಲ್ಲಿ ಹಿಡಿಯತಕ್ಕ ಯಂತ್ರ ಹಾಗೆ ದುಡಿದರೆ ಕೈ ಸುಟ್ಟೀತು, ಬ್ಯಾಟರಿ ಬರಿದಾದೀತು. ಆದುದರಿಂದ ಅದು ಮಿತಾಹಾರಿಯಾಗಲೇಬೇಕು. ಮೊದಲ ಸ್ವಿಚ್ಚಿನ ಬ್ಯಾಟರಿ ಆಟಕ್ಕೆ ತಕ್ಕಂತೆ ಎರಡೂವರೆಯಿಂದ ಆರೂವರೆ ಗಂಟೆ ಬಾಳುತ್ತಿತ್ತು. ಇದರ ಚಮತ್ಕಾರ ಬೇರೆಡೆ ಇದೆ. ಟಿ.ವಿ.ಯ ಪಕ್ಕದಲ್ಲಿ ಒಂದು ಗೂಡಿನಂಥ ಪೀಠ. ಯಂತ್ರವನ್ನು ಅದರಲ್ಲಿ ಇಳಿಸಿದೊಡನೆ ಆಟ ಟಿ.ವಿ.ಯ ಪರದೆಗೆ ಏರುತ್ತದೆ. ಆಗ ಗೋಡೆಯ ವಿದ್ಯುತ್ತು ದೊರೆತು ಅದರ ವೇಗವೂ ಚಿತ್ರದ ಸ್ಫುಟತೆಯೂ ಹೆಚ್ಚುತ್ತವೆ. ಮೇಲೆತ್ತಿದೊಡನೆ ಅದೇ ಆಟ, ಅದೇ ಕ್ಷಣದಿಂದ, ಕೈಯಲ್ಲಿ ಮುಂದುವರಿಯುತ್ತದೆ. ಎರಡು ಹಿಡಿಗಳನ್ನು ಕಳಚಿ ಇಬ್ಬರು ಒಂದೊಂದನ್ನು ಹಿಡಿದುಕೊಂಡರೆ ಇಬ್ಬರಿಗೂ ಆಟವಾಯಿತು. ಮನೆಯ ಯಂತ್ರವೂ ಹೌದು, ಪಯಣದ ಯಂತ್ರವೂ ಹೌದು. ದ್ವಂದ್ವ ಸಮಾಸದ ಪಾಠದಲ್ಲಿಯೇ ಇದು ನಮ್ಮ ಕೈಗೆ ಸಿಕ್ಕಿದುದು ವಿನೋದವಲ್ಲವೇ?

ಇದರ ವಂಶಾವಳಿಯನ್ನು ಹುಡುಕುತ್ತ ಹೋದಾಗ ನಮಗೆ ನಿಜವಾದ ರುಚಿ ಹತ್ತಿತು. ಜಪಾನಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರಗಳುಳ್ಳ ಇಸ್ಪೀಟೆಲೆಗಳನ್ನು ಮಾಡಲು ಹುಟ್ಟಿದ ಅಂಗಡಿ ನಿಂಟೆಂಡೊ. 1965ರಲ್ಲಿ ಅಲ್ಲಿಗೆ ಗುನ್ಪೆ ಯೊಕೊಯಿ ಎಂಬ ತರುಣನು ಸೇರಿದನು. ಅವನ ಕೆಲಸ ಎಲೆ ಮಾಡುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು. ಬಿಡುವಿನಲ್ಲಿ ತನ್ನ ವಿನೋದಕ್ಕೆ ಮಾಡಿಕೊಂಡಿದ್ದ ಆಟಿಕೆಯೊಂದು ಯಜಮಾನನ ಕಣ್ಣಿಗೆ ಬಿದ್ದು, 1966ರಲ್ಲಿ ಅದು ಮಾರಾಟಕ್ಕೆ ಬಂದಿತು. ಮುಂದೆ ಅವನು ರೈಲಿನಲ್ಲಿ ಹೋಗುತ್ತಿರುವಾಗ, ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದ ಒಬ್ಬ ನೌಕರನನ್ನು ಕಂಡನೆಂಬ ಕಥೆ ಪ್ರಸಿದ್ಧವಾಗಿದೆ. ಅದರಿಂದ ಹೊಳೆದುದೇ 1980ರ ಕಿರುಯಂತ್ರ, ಗೇಮ್ ಆ್ಯಂಡ್ ವಾಚ್. ಬೆಳಗಿನ ಲೋಕಲ್ ಗಾಡಿಯಲ್ಲಿ ಒಂದು ಕಾಲಿನ ಮೇಲೆ ನಿಂತು ಪ್ರಯಾಣ ಮಾಡುವ ನಮಗೆ ಆ ನೌಕರನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮ ಊರಿನ ಮಂದಿಗೆ ಕ್ಯಾಲ್ಕುಲೇಟರ್ ಹೊರತೆಗೆಯುವಷ್ಟು ಜಾಗ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೊಸದಾದ, ದುಬಾರಿಯಾದ ತಂತ್ರದ ಬೆನ್ನು ಹತ್ತಬಾರದು. ಬಳಸಿ ಹಳತಾಗಿ ಅಗ್ಗವಾದ ತಂತ್ರವನ್ನೇ ಯಾರೂ ನೆನೆಯದ ಕೆಲಸಕ್ಕೆ ಹಚ್ಚಬೇಕು ಎಂಬುದು ಯೊಕೊಯಿಯ ಮತವಾಗಿತ್ತು. ಈ ಮತಕ್ಕೆ ಪರೀಕ್ಷೆ ಒದಗಿದುದು 1989ರಲ್ಲಿ. ಅವನ ತಂಡದ ಗೇಮ್ ಬಾಯ್ ಆ ವರ್ಷ ಹೊರಬಂದಿತು. ಅದರ ಪರದೆಗೆ ಬಣ್ಣವಿಲ್ಲ. ಮಾಸಲು ಹಸುರಿನ ನಾಲ್ಕು ಛಾಯೆಗಳು ಮಾತ್ರ. ಹಿಂದಿನಿಂದ ದೀಪವೂ ಇಲ್ಲ. ಅದೇ ವರ್ಷ ಅಟಾರಿಯವರ ಲಿಂಕ್ಸ್, ಮರುವರ್ಷ ಸೆಗಾದವರ ಗೇಮ್ ಗಿಯರ್, ಎರಡೂ ಬಣ್ಣದ ಪರದೆಯೊಡನೆ ಎದುರು ನಿಂತವು. ಅಂಗಡಿಯ ಗಾಜಿನೊಳಗೆ ಮೂರನ್ನೂ ಸಾಲಾಗಿ ಇಟ್ಟರೆ ಗೇಮ್ ಬಾಯನ್ನು ಯಾರು ಮುಟ್ಟಿಯಾರು? ಆದರೆ ಬಣ್ಣದ ಯಂತ್ರಗಳು ಆರು ಸೆಲ್ಲುಗಳನ್ನು ನುಂಗಿ ಕೆಲವೇ ಗಂಟೆಗಳಲ್ಲಿ ಕಣ್ಣು ಮುಚ್ಚುತ್ತಿದ್ದವು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೇಲೆ ಆಡುತ್ತಿತ್ತು. ಮುಂದೆ ಬಂದ ಬಣ್ಣದ ತಮ್ಮನನ್ನೂ ಕೂಡಿಸಿ ಅದು 11 ಕೋಟಿ 86 ಲಕ್ಷ ಮಾರಾಟವಾಯಿತು. ಎದುರಾಳಿಗಳು ಅದರ ಹತ್ತಿರಕ್ಕೂ ಸುಳಿಯಲಿಲ್ಲ.

ಇದನ್ನೋದುವಾಗ ನಮಗೆ ನಮ್ಮ ಅಜ್ಜನ ಟ್ರಾನ್ಸಿಸ್ಟರಿನ ನೆನಪಾಯಿತು. ಊರಿನ ಸಾಹುಕಾರರ ಮನೆಯಲ್ಲಿ ಹಿಂದಿನ ಕಾಲದ ದೊಡ್ಡ ರೇಡಿಯೊ ಇತ್ತು. ಪೆಟ್ಟಿಗೆಗೆ ತೇಗದ ಮರ, ಧ್ವನಿಗೆ ಗುಡಿಯ ಗಂಟೆಯ ಗಾಂಭೀರ್ಯ. ಅಜ್ಜನ ಟ್ರಾನ್ಸಿಸ್ಟರೋ ನೆಗಡಿಯಾದವರಂತೆ ಮಾತನಾಡುತ್ತಿತ್ತು. ಆದರೆ ಅದು ಕೊಟ್ಟಿಗೆಗೆ ಬರುತ್ತಿತ್ತು, ಗದ್ದೆಯ ಬದುವಿಗೆ ಬರುತ್ತಿತ್ತು, ಕೊನೆಗೆ ಅಜ್ಜನ ಹಾಸಿಗೆಯ ತಲೆದಿಂಬಿಗೂ ಬಂದಿತು. ಸಾಹುಕಾರರ ರೇಡಿಯೊ ಎಂದೂ ಆ ಹಜಾರದ ಹೊಸ್ತಿಲು ದಾಟಲಿಲ್ಲ.

ಹಾಗಾದರೆ ಹಗುರವಾಗಿರುವುದೊಂದೇ ಸಾಕೆ? ಇಷ್ಟು ಓದಿದ ಮೇಲೆ ತೀರ್ಪು ಕೊಟ್ಟುಬಿಡಬಹುದಿತ್ತು. ಆದರೆ ಮುಂದೆ ಓದಿದಂತೆ ಅದು ತಪ್ಪಾದೀತೆಂದು ಕಂಡಿತು. ಅದೇ ಸಂಸ್ಥೆ 2006ರಲ್ಲಿ ಹೊರತಂದ ವೀ ಎಂಬ ಯಂತ್ರ ಎದುರಾಳಿಗಳಿಗಿಂತ ದುರ್ಬಲವಾಗಿದ್ದರೂ, ಕೈ ಬೀಸಿ ಆಡುವ ಹೊಸತನದಿಂದ 10 ಕೋಟಿ ಮೀರಿ ಮಾರಾಟವಾಯಿತು. 2012ರಲ್ಲಿ ಬಂದ ಅದರ ಉತ್ತರಾಧಿಕಾರಿ ವೀ ಯು ಕೂಡ ದುರ್ಬಲವೇ. ಕೈಯಲ್ಲಿ ಹಿಡಿಯುವ ಪರದೆಯೂ ಅದಕ್ಕಿತ್ತು. ಆದರೆ ಆ ಪರದೆ ತಾಯಿಯಂತ್ರದಿಂದ ಕೆಲವು ಮಾರು ದೂರ ಹೋದರೆ ಸಾಕು, ಕುರುಡಾಗುತ್ತಿತ್ತು. ಅದರ ಒಟ್ಟು ಮಾರಾಟ 1 ಕೋಟಿ 35 ಲಕ್ಷ. ಅಂಥ ಸಂಸ್ಥೆಗೆ ಅದು ಸೋಲೇ ಸರಿ. ಇತ್ತ ಸೋನಿಯವರು 2011ರಲ್ಲಿ ತಂದ ವೀಟಾ ಹಗುರವೂ ಆಗಿತ್ತು, ಬಲಿಷ್ಠವೂ ಆಗಿತ್ತು. ಅದೂ ಗೆಲ್ಲಲಿಲ್ಲ.

ಗೆಲುವಿನ ಗುಟ್ಟು ಆಟಗಳಲ್ಲಿಯೂ ಇದೆ. ಮಾರಿಯೊ, ಜೆಲ್ಡಾ ಮುಂತಾದ ನಿಂಟೆಂಡೊ ಸಂಸ್ಥೆಯ ಸ್ವಂತ ಆಟಗಳು ಎದುರಾಳಿಗಳ ಯಂತ್ರಕ್ಕೆ ಬರುವುದಿಲ್ಲ. ಮೊದಲು ಆ ಸಂಸ್ಥೆ ಮನೆಯ ಯಂತ್ರಕ್ಕೊಂದು, ಕೈಯ ಯಂತ್ರಕ್ಕೊಂದು ಎಂದು ಎರಡೆರಡು ಅಡುಗೆ ಮಾಡಬೇಕಾಗಿತ್ತು. ಸ್ವಿಚ್ ಬಂದ ಮೇಲೆ ಒಲೆ ಒಂದೇ ಆಯಿತು. ಸೋಜಿಗವೇನೆಂದರೆ, ಮಾರಿಯೊ ಕಾರ್ಟ್ 8 ಎಂಬ ಓಟದ ಆಟ 2014ರಲ್ಲಿ ವೀ ಯು ಯಂತ್ರಕ್ಕೆ ಬಂದಾಗ ಮಾರಾಟವಾದುದು 84 ಲಕ್ಷ. ಅದೇ ಆಟವನ್ನು ತುಸು ತಿದ್ದಿ 2017ರಲ್ಲಿ ಸ್ವಿಚ್ಚಿಗೆ ಕೊಟ್ಟಾಗ 6 ಕೋಟಿ ದಾಟಿತು. ಪಲ್ಯ ಹಳೆಯದೇ, ಡಬ್ಬಿ ಮಾತ್ರ ಎಲ್ಲಿಗೆ ಬೇಕಾದರೂ ಒಯ್ಯತಕ್ಕದ್ದು. ಸ್ವಿಚ್ಚಿನ ಮಾರಾಟ ಇಂದು 15 ಕೋಟಿ ಮೀರಿದೆ. ಪ್ಲೇಸ್ಟೇಷನ್ 4 ಮುಟ್ಟಿದುದು 11 ಕೋಟಿ 70 ಲಕ್ಷದ ಸುಮಾರು.

ಡೊಂಬಿವಲಿಯ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಬೇರೆ ಸಂಸ್ಥೆಗಳು ಮಾಡುವ ಎಷ್ಟೋ ಮಹಾ ಆಟಗಳು ಸ್ವಿಚ್ಚಿಗೆ ಬರಲೇ ಇಲ್ಲ. ಬಂದವುಗಳಲ್ಲಿ ಕೆಲವು, ಮೈಯಿಳಿಸಿಕೊಂಡು ಮಬ್ಬು ಚಿತ್ರಗಳೊಡನೆ ಬಂದವು. 2019ರಲ್ಲಿ ಬಂದ ವಿಚರ್ 3 ಹಾಗೆಯೇ. ಕೆಲವು ಯಂತ್ರದಲ್ಲಿ ನಡೆಯಲಾರದೆ ಅಂತರ್ಜಾಲದ ಮೂಲಕ ಎರವಲು ಬಂದವು. ಹಿಡಿಗಳಲ್ಲಿರುವ ಕಡ್ಡಿ ತಾನಾಗಿಯೇ ಓಲುವ ರೋಗಕ್ಕಾಗಿ 2020ರಲ್ಲಿ ಸಂಸ್ಥೆಯ ಅಧ್ಯಕ್ಷರೇ ಕ್ಷಮೆ ಕೇಳಬೇಕಾಯಿತು. ಇನ್ನು 2025ರ ಜೂನ್ 5ರಂದು ಬಂದ ಸ್ವಿಚ್ 2 ಹಿಂದಿನದಕ್ಕಿಂತ ಬಹಳ ಬಲಿಷ್ಠ. ಆದರೆ ತೂಕ ಹಿಡಿಗಳ ಸಮೇತ 500 ಗ್ರಾಮು ಮೀರಿತು, ಅಮೆರಿಕದಲ್ಲಿ ಬೆಲೆ 300 ಡಾಲರಿನಿಂದ 450ಕ್ಕೆ ಏರಿತು, ಬ್ಯಾಟರಿಯ ಕನಿಷ್ಠ ಅವಧಿ ಎರಡೂವರೆಯಿಂದ ಎರಡು ಗಂಟೆಗೆ ಇಳಿಯಿತು. 2022ರ ಸ್ಟೀಮ್ ಡೆಕ್ಕಿನಂತೆ ಬಲಿಷ್ಠರ ಬಳಗದವರೂ ಕೈಗೆ ಬರತೊಡಗಿದ್ದಾರೆ. ಯೊಕೊಯಿ 1997ರಲ್ಲಿ ಅಪಘಾತದಲ್ಲಿ ತೀರಿಕೊಂಡನು. ಇದ್ದಿದ್ದರೆ ಈ ಹೊಸ ಯಂತ್ರವನ್ನು ಅಂಗೈಯಲ್ಲಿ ತೂಗಿ ನೋಡಿ ಏನೆನ್ನುತ್ತಿದ್ದನೋ!

ಇಷ್ಟೆಲ್ಲ ಟಿಪ್ಪಣಿ ಮಾಡಿಕೊಂಡು ನಾವು ವಿದ್ವಾಂಸರ ಗತ್ತಿನಲ್ಲಿದ್ದಾಗ, ವಸ್ತುವನ್ನು ವಶಪಡಿಸಿಕೊಂಡ ಹದಿನಾರನೆಯ ದಿನ ಬೆಳಿಗ್ಗೆ, ಹುಡುಗನ ತಂದೆ ಬಂದರು. ವಿಮಾನ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ಅವರಿಗೆ ರಾತ್ರಿ ಪಾಳಿ. ಪಾಳಿ ಮುಗಿಸಿ ನೇರವಾಗಿ ಬಂದಿದ್ದರು, ಕಣ್ಣುಗಳು ಕೆಂಪಾಗಿದ್ದವು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ.

"ತಡವಾಯಿತು ಮಾಸ್ಟ್ರೇ. ಶಾಲೆಯ ಹೊತ್ತಿಗೆ ನಾನು ಮಲಗಿರುತ್ತೇನೆ. ಇವಳು ಮೂರು ಮನೆ ಅಡುಗೆಗೆ ಹೋಗುತ್ತಾಳೆ. ತಪ್ಪು ಹುಡುಗನದೇ, ಬೈದಿದ್ದೇನೆ."

ಅಷ್ಟು ದುಬಾರಿಯ ಆಟಿಕೆಯನ್ನು ಮಕ್ಕಳಿಗೆ ಏಕೆ ಕೊಡಿಸುವಿರೆಂದು ನಾವು ಮಾಸ್ತರರಿಗೆ ಸಹಜವಾದ ಪ್ರಶ್ನೆ ಕೇಳಿದೆವು.

"ನಾನು ಕೊಡಿಸಿದ್ದಲ್ಲ ಮಾಸ್ಟ್ರೇ. ದುಬೈಯಿಂದ ನನ್ನ ಭಾವ ತಂದದ್ದು. ಅವ ಬಂದಾಗ ನೋಡಿದ, ನಮ್ಮದು ಒಂದೇ ಖೋಲಿ. ನಾನು ಹಗಲು ಮಲಗುವವ, ಟಿ.ವಿ. ಹಾಕಿದರೆ ನನಗೆ ನಿದ್ರೆ ಇಲ್ಲ. ಹುಡುಗ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಇದಾದರೆ ಕಿವಿಗೆ ಹಾಕಿಕೊಂಡು ನನ್ನ ಕಾಲ ಬುಡದಲ್ಲೇ ಆಡುತ್ತಾನೆ, ನನಗೆ ತಿಳಿಯುವುದೇ ಇಲ್ಲ. ಸೋಮವಾರ ನನಗೆ ರಜೆ. ಆ ದಿನ ಸಂಜೆ ಟಿ.ವಿ.ಗೆ ಹಾಕಿ ನಾವಿಬ್ಬರೂ ಕಾರು ಓಡಿಸುತ್ತೇವೆ. ಅವನಿಗೆ ಕೆಂಪು, ನನಗೆ ನೀಲಿ."

ಹದಿನಾರು ದಿನಗಳಲ್ಲಿ ಎರಡು ಸೋಮವಾರಗಳು. ಅವೆರಡನ್ನೂ ನಾವು ಭೂಪಟಗಳ ಜೊತೆಗೆ ಬೀಗ ಹಾಕಿಟ್ಟಿದ್ದೆವು. ನಿಯಮ ನಿಯಮವೇ, ತರಗತಿಯಲ್ಲಿ ಆಟ ಕೂಡದೆಂಬುದನ್ನು ನಾವು ಇಂದಿಗೂ ಬಿಟ್ಟುಕೊಡುವುದಿಲ್ಲ. ಆದರೂ ಆ ದಿನ ಹುಡುಗ ಬಾಯಿ ತೆರೆದಾಗ, ಏನು ಎಂದು ಒಂದು ಮಾತು ಕೇಳಿದ್ದರೆ ನಮ್ಮ ಗಂಟೇನೂ ಹೋಗುತ್ತಿರಲಿಲ್ಲ.

ಕಪಾಟಿನ ಬೀಗ ತೆಗೆದೆವು. ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಧೂಳು ಕುಳಿತಿತ್ತು. ತಂದೆ ಅಂಗಿಯ ತುದಿಯಿಂದ ಅದನ್ನು ಒರೆಸಿ ಗುಂಡಿಯನ್ನು ಒತ್ತಿದರು, ಬೆಳಕು ಬರಲಿಲ್ಲ. ನಮಗೆ ಗಾಬರಿಯಾಯಿತು. ಬಾಗಿಲಲ್ಲಿ ನಿಂತಿದ್ದ ಹುಡುಗ, "ಏನೂ ಆಗಿಲ್ಲ ಸರ್, ಚಾರ್ಜ್ ಇಳಿದಿದೆ ಅಷ್ಟೇ" ಎಂದು ನಮಗೇ ಧೈರ್ಯ ಹೇಳಿದನು.

ಮಧ್ಯಾಹ್ನದ ಬಿಡುವಿನಲ್ಲಿ ವಾದಿ ಪ್ರತಿವಾದಿಗಳನ್ನು ಕರೆದು ತೀರ್ಪು ಕೊಟ್ಟೆವು. ಚಿತ್ರದ ಬೆಡಗಿಗೂ ದೊಡ್ಡ ಆಟಗಳಿಗೂ ಡೊಂಬಿವಲಿಯ ಯಂತ್ರವೇ ಮೇಲು, ಅದರಲ್ಲಿ ಸಂದೇಹವಿಲ್ಲ. ಅದು ಇಡೀ ಜಗತ್ತಿನಲ್ಲಿ 8 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಆದರೆ ಹಗಲು ಮಲಗುವ ಮನುಷ್ಯನಿರುವ ಒಂದು ಖೋಲಿಯ ಮನೆಯಲ್ಲಿ ಆ ಯಂತ್ರ ಸ್ಪರ್ಧೆಗೆ ನಿಲ್ಲಲಾರದು. ಅಲ್ಲಿ ಅದು ಬರಿಯ ನಾಲ್ಕೂವರೆ ಕಿಲೊ ತೂಕದ ಪೆಟ್ಟಿಗೆ. ಹತ್ತನೆಯ ಇಯತ್ತೆಯವನು ತುಸು ಯೋಚಿಸಿ, "ಹಾಗಾದರೆ ಇಬ್ಬರೂ ಗೆದ್ದಂತೆಯೇ ಸರ್?" ಎಂದು ಕೇಳಿದನು. ಇಲ್ಲ, ಇಂಥ ಮನೆಗಳು ಜಗತ್ತಿನಲ್ಲಿ ಎಷ್ಟಿವೆಯೋ ಲೆಕ್ಕ ಹಾಕಿ ನೋಡು ಎಂದೆವು. ಲೆಕ್ಕದಲ್ಲಿ ಅವನು ಜಾಣ.

ಮುಂದಿನ ಸೋಮವಾರ ಸಂಜೆ ಅವನೂ ಆ ಖೋಲಿಗೆ ಹೋಗಿದ್ದನಂತೆ. ಆಗಷ್ಟೇ ಎದ್ದು ಚಹ ಕುಡಿದ ಹುಡುಗನ ತಂದೆ ನೀಲಿ ಹಿಡಿಯಿಂದ ಅವನನ್ನು ಸತತವಾಗಿ ಐದು ಓಟಗಳಲ್ಲಿ ಸೋಲಿಸಿದರಂತೆ. ನಮಗೂ ಕರೆ ಬಂದಿದೆ. ಹುಡುಗರಿಂದ ಸೋಲುವ ಭಯದಿಂದ ಇನ್ನೂ ಹೋಗಿಲ್ಲ.