ಮೋಟರ್ ಬೇರೆ, ಬಾಗಿಲು ಬೇರೆ

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರೋರಿಗೆ ಕಾರು ನಿಲ್ಲಿಸೋ ಜಾಗ ಅಂದ್ರೆ ಬೇಸ್‌ಮೆಂಟಿನ ಒಂದು ನಂಬರು, ಅಷ್ಟೇ. ಗೇಟು ಕೆಟ್ಟರೆ ಅಸೋಸಿಯೇಷನ್ ವಾಟ್ಸಾಪ್ ಗುಂಪಿನಲ್ಲಿ ಸಿಟ್ಟಿನ ಮೆಸೇಜು ಹಾಕಿ ನಾವು ಲಿಫ್ಟ್ ಹತ್ತುತ್ತೇವೆ. ಊರಲ್ಲಿ ಹಂಗಲ್ಲ. ಹೊಸಪೇಟೆಯಲ್ಲಿ ಈಗ ಮನೆ ಕಟ್ಟಿಸೋರೆಲ್ಲ ಕೆಳಗಡೆ ಒಂದು ಕಾರ್ ಶೆಡ್ಡು, ಶೆಡ್ಡಿಗೊಂದು ರೋಲಿಂಗ್ ಶಟರು, ಶಟರಿಗೊಂದು ಮೋಟರು, ಮೋಟರಿಗೊಂದು ರಿಮೋಟು ಅಂತ ಹಾಕಿಸ್ತಾರೆ. ಅಪ್ಪ, ಅಮ್ಮ ಕಂಪ್ಲಿ ಹತ್ತಿರದ ಹಳ್ಳಿ ಬಿಟ್ಟು ಹೊಸಪೇಟೆಗೆ ಬಂದಾಗ ನಾನೂ ಹಾಕಿಸಿದೆ. ಅಪ್ಪನಿಗೆ ಸೊಂಟ ನೋವು, ದಿನಾ ಬಗ್ಗಿ ಎತ್ತೋದು ಬೇಡ ಅಂತ.

ಏಳನೇ ವರ್ಷಕ್ಕೆ ಅದು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಎಷ್ಟೋ ವಾಸಿ. ಬೆಳಿಗ್ಗೆ ಮೊದಲನೇ ಸಲ ಒತ್ತಿದರೆ ಮೇಲೆ ಹೋಗುತ್ತೆ. ಅರ್ಧ ಗಂಟೆಯೊಳಗೆ ಇನ್ನೆರಡು ಸಲ ಒತ್ತಿದರೆ ಎಲ್ಲೋ ನಡುವೆ ನಿಂತುಬಿಡುತ್ತೆ. ಒಮ್ಮೆ ಮೊಳಕಾಲ ಮಟ್ಟ, ಒಮ್ಮೆ ಎದೆಮಟ್ಟ. ಇಪ್ಪತ್ತು ನಿಮಿಷ ಬಿಟ್ಟು ಒತ್ತಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಏಳುತ್ತೆ. ನಮ್ಮ ಕಸುಬಿನವರಿಗೆ ಈ ಜಾತಿ ಬಗ್ ಗೊತ್ತು: ತೋರಿಸೋಣ ಅಂತ ನಾಲ್ಕು ಜನರನ್ನ ಕರೆದಾಗ ಬರೋದೇ ಇಲ್ಲ.

ರಿಪೇರಿಯವನೊಬ್ಬ ಬಂದು ಎರಡು ನಿಮಿಷ ಸದ್ದು ಕೇಳಿ, ಮೋಟರ್ ಹೋಗಿದೆ, ಹೊಸದಕ್ಕೆ 18,000 ಅಂದನಂತೆ. ಹಾಕಿಸಿಬಿಡ್ಲೇನು ಅಂತ ಅಪ್ಪ ಫೋನ್ ಮಾಡಿದ. ಶನಿವಾರದ ತನಕ ತಡಿ ಅಂದೆ. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ.

ಮೊದಲು ಸುಲಭದ್ದನ್ನೆಲ್ಲ ತೆಗೆದುಹಾಕಬೇಕು. ಗೋಡೆಯ ಸ್ವಿಚ್ಚಿನಿಂದಲೂ ಹಾಗೇ ನಿಲ್ಲುತ್ತೆ, ಆದ್ದರಿಂದ ರಿಮೋಟಿನ ತಪ್ಪಲ್ಲ. ನಿಂತ ಹೊತ್ತಿಗೇ ಮಲ್ಟಿಮೀಟರ್ ಇಟ್ಟು ನೋಡಿದೆ, ವೋಲ್ಟೇಜ್ 220ರ ಮೇಲಿದೆ, ಕರೆಂಟಿನ ತಪ್ಪೂ ಅಲ್ಲ. ಲಿಮಿಟ್ ಸ್ವಿಚ್ ಕೆಟ್ಟಿದ್ದರೆ ದಿನಾ ಒಂದೇ ಜಾಗದಲ್ಲಿ ನಿಲ್ಲಬೇಕಿತ್ತು. ಏಣಿ ಹತ್ತಿ ಮೋಟರಿನ ಮೈ ಮುಟ್ಟಿದರೆ ಕಾವಲಿ! ಮೋಟರುಗಳ ಒಳಗೆ ಒಂದು ಥರ್ಮಲ್ ಸ್ವಿಚ್ ಇರುತ್ತೆ. ಬಿಸಿ ಮಿತಿ ದಾಟಿದರೆ ಸುಟ್ಟುಹೋಗದ ಹಾಗೆ ತಾನೇ ನಿಲ್ಲಿಸುತ್ತೆ, ಆರಿದ ಮೇಲೆ ಬಿಡುತ್ತೆ. ಅಂದ್ರೆ ಮೋಟರು ಕೆಟ್ಟಿರಲಿಲ್ಲ, ತನ್ನ ಜೀವ ಉಳಿಸಿಕೊಳ್ತಿತ್ತು. ಹೊಸ ಮೋಟರ್ ಹಾಕಿಸಿದ್ದರೆ ಅದೂ ಹೀಗೇ ಬೇಯುತ್ತಿತ್ತು.

ಹಾಗಾದರೆ ಅಷ್ಟು ಬಿಸಿ ಯಾಕೆ? ಡಲ್ಲಾಸ್‌ನಲ್ಲಿ ಆನ್‌ಸೈಟ್ ಇದ್ದಾಗ ಅಲ್ಲಿನ ಕನ್ನಡದವರೊಬ್ಬರು ತಮ್ಮ ಗ್ಯಾರೇಜ್ ಬಾಗಿಲಿನ ಕೆಳಗೆ ನಿಂತು ಒಂದು ಪಾಠ ಹೇಳಿಕೊಟ್ಟಿದ್ದರು. ಅಲ್ಲಿ ಮೋಟರಿನಿಂದ ಒಂದು ಕೆಂಪು ಹಗ್ಗ ಜೋತಾಡ್ತಿರುತ್ತೆ. ಬಾಗಿಲು ಮುಚ್ಚಿದ್ದಾಗ ಅದನ್ನು ಎಳೆದರೆ ಮೋಟರ್ ಬೇರೆ, ಬಾಗಿಲು ಬೇರೆ. ಆಮೇಲೆ ಕೈಯಿಂದ ಬಾಗಿಲನ್ನು ಸೊಂಟದ ಮಟ್ಟಕ್ಕೆ ಎತ್ತಿ ಮೆಲ್ಲಗೆ ಬಿಡಬೇಕು. ಅಲ್ಲೇ ನಿಂತರೆ ಸ್ಪ್ರಿಂಗು ಸರಿ ಇದೆ. ಕುಸಿದರೆ ಮೋಟರನ್ನ ಬೈದು ಪ್ರಯೋಜನ ಇಲ್ಲ. ನಮ್ಮ ರೋಲಿಂಗ್ ಶಟರಿನದ್ದೂ ಇದೇ ಲೆಕ್ಕ. ಪಟ್ಟಿಗಳೆಲ್ಲ ಸೇರಿ ಸುಮಾರು ನೂರು ಕೆ.ಜಿ. ಆಗುತ್ತೆ. ಆ ಭಾರ ಹೊರೋದು ಮೇಲಿನ ಪೈಪಿಗೆ ಸುತ್ತಿದ ಸ್ಪ್ರಿಂಗು, ಮೋಟರು ಬರೀ ತಳ್ಳುತ್ತೆ. ಅಮೆರಿಕದ ಬಾಗಿಲಿನ ಸಾಮಾನ್ಯ ಸ್ಪ್ರಿಂಗಿಗೆ ಹತ್ತು ಸಾವಿರ ಸಲ ಏರಿಳಿಯೋ ಆಯುಷ್ಯ ಅಂತ ಲೆಕ್ಕ ಹಾಕ್ತಾರೆ. ದಿನಕ್ಕೆ ನಾಲ್ಕು ಸಲ ಅಂದ್ರೆ ಏಳು ವರ್ಷವೂ ತುಂಬಲ್ಲ.

ನಮ್ಮದಕ್ಕೆ ಕೆಂಪು ಹಗ್ಗ ಇಲ್ಲ, ಕರೆಂಟ್ ಹೋದಾಗ ಎಳೆಯೋ ಕೈ ಸರಪಳಿ ಇದೆ. ಅದನ್ನ ಹಿಡಿಯೋಕೆ ಹೋದಾಗ ಅಪ್ಪ ಅಂದ:

“ಎರಡೂ ಕೈ ಹಾಕು. ಒಂದ ಕೈಲಿ ಬರಂಗಿಲ್ಲ ಈಗ.”

“ನಿನಗೆಂಗ ಗೊತ್ತು?”

“ಮೂರು ವಾರದಿಂದ ಅದನ್ನ ಎಳಿಯಾಕತ್ತೀನಲ್ಲ. ನಿಂತಲ್ಲೇ ನಿಂತ್ರ ಗಾಡಿ ಹೊರಗ ತೆಗಿಯೋದು ಹೆಂಗ? ಗೌರಿ ಹುಣ್ಣಿಮೆ ಮರುದಿನ ಮ್ಯಾಲೆ ಪೈಪಿನ್ಯಾಗ ಟಣ್ ಅಂತ ಸಪ್ಪಳಾತು. ಅವತ್ತಿಂದ ಭಾರ.”

“ರಿಪೇರಿಯವನಿಗೆ ಹೇಳಬೇಕಿತ್ತಲ್ಲಪ್ಪ?”

“ಅವ ಕೇಳಲಿಲ್ಲ. ನಿನಗ ಹೇಳೋಣಂದ್ರ ನೀನು ಮೀಟಿಂಗಿನ್ಯಾಗ ಇರ್ತಿ. ಸಪ್ಪಳಾತು ಅಂತ ಯಾರಾದ್ರೂ ಫೋನ್ ಮಾಡ್ತಾರೇನು?”

ಒಂದೊಂದು ಪ್ರೊಡಕ್ಷನ್ ಇಶ್ಯೂ ಬಂದಾಗ ಒಂದು ಸಾಲು ಲಾಗ್ ಸಿಕ್ಕರೆ ಸಾಕು ಅಂತ ರಾತ್ರಿಯೆಲ್ಲ ಕೂತವನು ನಾನು. ಇಲ್ಲಿ ದಿನಾಂಕ, ಸದ್ದು, ಜಾಗ, ಭಾರ ಎಷ್ಟು ಹೆಚ್ಚಾಯ್ತು ಅನ್ನೋದು ಸಮೇತ ಎಲ್ಲ ಇತ್ತು. ಸೊಂಟ ನೋವಿನ ಮನುಷ್ಯನ ಎರಡು ಕೈಯಲ್ಲಿ.

ಅಪ್ಪನಿಗೆ ಇದು ಹೊಸ ವಿಷಯವೇನಲ್ಲ. ನಲವತ್ತು ವರ್ಷ ಭತ್ತ ಬೆಳೆದವನು, ಕಾಲುವೆ ತೂಬು ಎತ್ತಿ ಇಳಿಸಿ ಗೊತ್ತು. ತೂಬಿನ ಹಲಗೆ ಎಷ್ಟು ಬಿಗಿ ಇದೆ ಅನ್ನೋದರಲ್ಲೇ ಮೇಲೆ ಎಷ್ಟು ನೀರು ನಿಂತಿದೆ ಅಂತ ಹೇಳ್ತಿದ್ದ. “ಡ್ಯಾಮಿಂದೂ ಸರಪಳೀನ ಹೋತಲ್ಲ” ಅಂದ.

ಮರೆಯೋ ಮಾತೇ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ, ಗೇಟೇ ಕೊಚ್ಚಿಕೊಂಡು ಹೋಯ್ತು. ತುಂಬಿ ನಿಂತ ಡ್ಯಾಮು. ಒಂದೇ ಕಡೆ ಒತ್ತಡ ಬೀಳದಿರಲಿ ಅಂತ ಉಳಿದ ಗೇಟುಗಳನ್ನೂ ತೆರೆದರು. ನದಿಗೆ ಲಕ್ಷ ಕ್ಯೂಸೆಕ್ ದಾಟಿ ಬಿಟ್ಟರೆ ಇಲ್ಲಿ ಏನಾಗುತ್ತೆ ಅಂತ ಮಕ್ಕಳಿಗೂ ಗೊತ್ತು: ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತೆ, ಕಂಪ್ಲಿ ಸೇತುವೆ ಬಂದ್ ಆಗುತ್ತೆ. ಆದರೆ ಅಪ್ಪನ ಭಯ ಪ್ರವಾಹದ್ದಲ್ಲ. ನಾಟಿ ಹಾಕಿದ ಭತ್ತಕ್ಕೆ ಕಾಲುವೆ ನೀರು ಉಳಿಯುತ್ತೋ ಇಲ್ಲವೋ ಅಂತ. ಆ ವಾರ ಅವನು ಟಿವಿ ಮುಂದಿನಿಂದ ಏಳಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯೋ ನೀರಿನಲ್ಲೇ, 60 ಅಡಿ ಅಗಲದ ಸ್ಟಾಪ್‌ಲಾಗ್ ತುಂಡುಗಳನ್ನ ಕ್ರೇನಿನಿಂದ ಇಳಿಸಿದರು. ಮೊದಲನೇದು ಕೂತಿದ್ದು 16ಕ್ಕೆ, ಮರುದಿನ ಐದೂ ಕೂತವು. ಮೊದಲನೇದು ಕೂತಾಗ ಅಪ್ಪ ಫೋನ್ ಮಾಡಿ ಬರೀ “ಕೂತ್ತು” ಅಂದಿದ್ದ.

ಮಧ್ಯಾಹ್ನ ಬಂದ ಮಿಸ್ತ್ರಿ ಮೊದಲು ಸಂಡೂರಿನ ಅದಿರು ಲಾರಿಗಳ ಕೆಲಸ ಮಾಡ್ತಿದ್ದವರು. ಸರಪಳಿಯನ್ನ ಒಂದೇ ಸಲ ಜಗ್ಗಿ, “ಸ್ಪ್ರಿಂಗ್ ಮುರದೈತ್ರಿ” ಅಂದರು. ಪೈಪು ಇಳಿಸಿ ನೋಡಿದರೆ ಮೂರರಲ್ಲಿ ಒಂದು ತುಂಡು. ಉಳಿದ ಎರಡೂ ಅದೇ ವಯಸ್ಸಿನವು, ಮೂರೂ ಬದಲಾಯಿಸಿ ಅಂತ ಅವರೇ ಹೇಳಿದರು. ಈ ಭಾಗಕ್ಕೆ ನಾನು ಕೈ ಹಾಕಲಿಲ್ಲ, ನೀವೂ ಹಾಕಬೇಡಿ. ಬಿಗಿದು ಸುತ್ತಿದ ಸ್ಪ್ರಿಂಗು ತಪ್ಪಿಸಿಕೊಂಡರೆ ಕೈಯನ್ನೇ ಮುರಿಯುತ್ತೆ. ಅದನ್ನ ಬಿಚ್ಚೋ ಮೊದಲು ಮಿಸ್ತ್ರಿ ಮಾಡಿದ್ದು ಒಂದೇ ಕೆಲಸ, ಅಕ್ಕನ ಮಗಳನ್ನ ಒಳಗೆ ಕಳಿಸಿದ್ದು.

ಅವಳಿಗೆ ಆರು ವರ್ಷ. ರಜೆಗೆ ಸಂಡೂರಿನಿಂದ ಬಂದರೆ ಇಳಿಯೋ ಶಟರಿನ ಕೆಳಗೆ ಓಡಿ ದಾಟೋದೇ ಆಟ. ಈ ಮೂರು ವಾರ ಆ ಭಾರದ ದೊಡ್ಡ ಪಾಲು ಮೋಟರಿನ ಬ್ರೇಕಿನ ಮೇಲೇ ನಿಂತಿತ್ತು ಅನ್ನೋದು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತೆ. ಅಮೆರಿಕದಲ್ಲಿ 1993ರಿಂದ ಮನೆಗಳಿಗೆ ತಯಾರಾಗೋ ಯಂತ್ರಗಳಲ್ಲಿ ಇದಕ್ಕೆ ರಕ್ಷಣೆ ಕಡ್ಡಾಯ. ನೆಲದ ಹತ್ತಿರ ಎರಡು ಕಣ್ಣು, ನಡುವೆ ಯಾರಾದರೂ ಬಂದರೆ ಬಾಗಿಲು ವಾಪಸ್. ಅವತ್ತೇ ಆ ಸೆನ್ಸರ್ ತರಿಸಿ ಹಾಕಿಸಿದೆ. ಮಿಸ್ತ್ರಿ ಪಕ್ಕದ ಚಾನಲ್‌ಗಳನ್ನೂ ಒಣಬಟ್ಟೆಯಲ್ಲಿ ಒರೆಸಿದರು. ಅಕ್ಕನ ಮನೆಯಲ್ಲಿ ಚಾನಲ್ಲಿಗೆ ಗ್ರೀಸ್ ಮೆತ್ತಿ, ಅದಕ್ಕೆ ಸಂಡೂರಿನ ಕೆಂಪು ಧೂಳು ಕೂತು ಹಿಟ್ಟಿನ ಹಾಗಾಗಿತ್ತು. ಅಲ್ಲಿ ಗ್ರೀಸ್ ಹಚ್ಚಬಾರದು.

ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ಇಟ್ಟಿರೋ ಕಲ್ಲಿನ ಬಾಗಿಲು ನೋಡಿದ್ದೀರಾ? ಒಂದೇ ಕಲ್ಲು, ಮರದ ಬಾಗಿಲಿನ ಥರಾನೇ ಕೆತ್ತಿದ್ದಾರೆ. ಅದಕ್ಕೆ ಕೀಲು ಇಲ್ಲ, ನಮ್ಮ ಹಳ್ಳಿ ಮನೆ ಬಾಗಿಲಿನ ಹಾಗೆ ಮೇಲೆ ಕೆಳಗೆ ತಿರುಗಣಿ. ಭಾರವೆಲ್ಲ ನೆಲಕ್ಕೆ. ಪ್ರವಾಸಿಗಳು ಕೆತ್ತನೆಯ ಫೋಟೋ ತೆಗೆದುಕೊಂಡು ಹೋಗ್ತಾರೆ, ನನಗೆ ಇಷ್ಟವಾಗೋದು ಆ ತಿರುಗಣಿಯ ಗೂಟ.

ಸಂಜೆ ಮಿಸ್ತ್ರಿ ಮೋಟರ್ ಜೋಡಿಸೋ ಮೊದಲೇ ಶಟರನ್ನ ಸೊಂಟದ ಮಟ್ಟಕ್ಕೆ ಎತ್ತಿ ಕೈ ಬಿಟ್ಟರು. ನಿಂತಿತು. ಅಪ್ಪ ತಾನೂ ಒಮ್ಮೆ ಎತ್ತಿ ಬಿಟ್ಟು ನೋಡಿದ. ಒಟ್ಟು 5,200 ಆಯ್ತು, ಸೆನ್ಸರ್ ಬೇರೆ.

“ಮೂರೂ ಹೊಸಾವು ಅಂದ್ರ, ಮೂರೂ ಒಂದ ಸಲ ಸವೀತಾವಲ್ರೀ?” ಅಂತ ಅಪ್ಪ ಕೇಳಿದ.

“ಹೌದು ಯಜಮಾನ್ರ. ತಿಂಗಳಿಗೊಮ್ಮೆ ಮೋಟರ್ ಬಂದ್ ಮಾಡಿ ಸರಪಳಿ ಎಳದು ನೋಡ್ರಿ. ಭಾರ ಅನಿಸಿದ್ರ ನನಗ ಫೋನ್ ಮಾಡ್ರಿ.”

ಈಗ ಅಪ್ಪ ಭಾನುವಾರ ಫೋನ್ ಮಾಡಿದರೆ ಮೊದಲು ಡ್ಯಾಮಿನ ನೀರಿನ ಮಟ್ಟ ಹೇಳ್ತಾನೆ. ತಿಂಗಳ ಮೊದಲ ಭಾನುವಾರವಾದರೆ ಆಮೇಲೆ “ಒಂದ ಕೈ” ಅಂತ ಸೇರಿಸಿ ಅಮ್ಮನಿಗೆ ಫೋನ್ ಕೊಡ್ತಾನೆ.