ಕಾಂಡ್ಲಾವನದ ಒಕ್ಕಲು

ಅಳಿವೆಯ ಅಂಚಿನಲ್ಲಿ ಹುಟ್ಟಿ ಬೆಳೆದವರಿಗೆ ಕೆಸರೆಂಬುದು ಹೊಸ ವಸ್ತುವಲ್ಲ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕುಂದಾಪುರದ ಬಳಿ ಒಂದುಗೂಡಿ ಗಂಗೊಳ್ಳಿಯಲ್ಲಿ ಸಮುದ್ರವನ್ನು ಸೇರುವವು. ಆ ನೀರಿನ ಬದಿಯಲ್ಲಿಯೇ ನಮ್ಮ ಮನೆಯುಂಟು. ತೆಂಗಿನ ತೋಟ ಮುಗಿದಲ್ಲಿ ಕಾಂಡ್ಲಾ ಗಿಡಗಳ ಪೊದೆ. ಪೊದೆ ಮುಗಿದಲ್ಲಿ ಬರಿಯ ಕೆಸರು. ಪರವೂರಿನ ನೆಂಟರು ಬಂದಾಗಲೆಲ್ಲ ಮೂಗು ಮುಚ್ಚಿಕೊಂಡು, “ಈ ಹಾಳು ಜಾಗಕ್ಕೆ ಮಣ್ಣು ತುಂಬಿಸಿ ಸಮ ಮಾಡಬಾರದೇ?” ಎಂದು ಕೇಳುವುದುಂಟು. ಎರಡು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ನಮ್ಮ ಚಿಕ್ಕಪ್ಪನವರೇ ಎತ್ತಿದರು. ಪೊದೆಯನ್ನು ಕಡಿಸಿ, ಆಚೆ ದಡದವರು ಕಟ್ಟಿಸಿದಂತೆ ಕಲ್ಲಿನ ಗೋಡೆಯೊಂದನ್ನು ಕಟ್ಟಿಸಬೇಕೆಂಬುದು ಅವರ ಅಭಿಪ್ರಾಯವಾಗಿದ್ದಿತು. ನಾವು ಮೂವರು ಸೋದರಿಯರು, ಈ ಶಾಲೆಯಲ್ಲಿಯೇ ಓದಿದವರು, ಬೇಡವೆಂದೆವು. ಬೇಡವೆಂದವರು ಕಾರಣವನ್ನೂ ಹೇಳಬೇಕಷ್ಟೆ. ಆ ಕಾರಣಗಳನ್ನೇ ಇಲ್ಲಿ ವಾಚಕ ಭಗಿನಿಯರ ಮುಂದಿಡುತ್ತೇವೆ.

ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪುಂಟು. ಅದನ್ನು ಹಿತ್ತಿಲ ಬೆಂಡೆಯ ಗಿಡಕ್ಕೆ ಕೆಲವು ದಿನ ಎರೆದರೆ ಗಿಡವು ನೀರಿನ ನಡುವೆಯೇ ಬಾಯಾರಿ ಸಾಯುವುದು. ಅಳಿವೆಯಲ್ಲಿಯಾದರೋ ದಿನಕ್ಕೆ ಎರಡಾವೃತ್ತಿ ಉಬ್ಬರ, ಎರಡಾವೃತ್ತಿ ಇಳಿತ. ಬೇಸಗೆಯಲ್ಲಿ ನೀರು ಬಾಯಿಗೆ ಹಾಕಲಾಗದಷ್ಟು ಉಪ್ಪು. ಆಷಾಢದ ಮಳೆಯಲ್ಲಿ ಐದು ನದಿಗಳ ನೆರೆಯೂ ಬಂದು ಬಹುಮಟ್ಟಿಗೆ ಸಿಹಿ. ಉಪ್ಪನ್ನು ಮಾತ್ರ ಸಹಿಸಿದರೆ ಸಾಲದು, ಸಿಹಿಯನ್ನು ಮಾತ್ರ ಬಯಸಿದರೂ ಆಗದು. ಇಂತಹ ನೆಲದಲ್ಲಿ ಬೇರೂರುವುದು ಎಲ್ಲ ಗಿಡಗಳಿಗೂ ಸಾಧ್ಯವಾದ ಕೆಲಸವಲ್ಲ.

ಕಾಂಡ್ಲಾ ಎಂಬ ಒಂದೇ ಹೆಸರಿನಿಂದ ನಾವು ಕರೆಯುವ ಗಿಡಗಳಲ್ಲಿ ಹಲವು ಜಾತಿಗಳುಂಟು. ಮಲೆಯಾಳದ ಕಂಡಲ್ ಎಂಬ ಹೆಸರು 1678ರಿಂದ 1693ರ ವರೆಗೆ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಸೇರಿ, ಅಲ್ಲಿಂದ ಸಸ್ಯಶಾಸ್ತ್ರಕ್ಕೂ ಹೋಯಿತು. ಈ ವರ್ಗದ ಒಂದು ಗಿಡಕ್ಕೆ ಪಂಡಿತರು ಇಂದಿಗೂ ‘ಕಾಂಡೇಲಿಯಾ ಕಾಂಡೆಲ್’ ಎನ್ನುತ್ತಾರೆ. ನಾವು ಕೆಸರೆಂದು ಹಳಿಯುವ ಜಾಗದ ಹೆಸರನ್ನು ಲೋಕವೆಲ್ಲ ಉಚ್ಚರಿಸುತ್ತಿರುವುದು ನಮಗೆ ತಮಾಷೆಯಾಗಿ ತೋರುತ್ತದೆ.

ಉಪ್ಪಿನ ವಿಷಯದಲ್ಲಿ ಈ ಗಿಡಗಳು ಒಂದೇ ದಾರಿಯನ್ನು ಹಿಡಿದಿಲ್ಲ. ಊರುಗೋಲಿನಂತಹ ಬೇರುಗಳ ಮೇಲೆ ನಿಂತಿರುವ ಜಾತಿಯು ಬೇರಿನಲ್ಲಿಯೇ ನೀರನ್ನು ಸೋಸಿ, ಬಹುಪಾಲು ಉಪ್ಪನ್ನು ಹೊರಗೇ ನಿಲ್ಲಿಸುವುದು. ಅದರ ನೆರೆಯಲ್ಲಿರುವ, ಎಲೆಯ ಅಡಿಭಾಗ ಬಿಳಿಚಿದ ಇನ್ನೊಂದು ಜಾತಿಯು ಉಪ್ಪನ್ನು ಒಳಕ್ಕೆ ಬಿಟ್ಟುಕೊಂಡು, ಎಲೆಯಲ್ಲಿರುವ ಸಣ್ಣ ಗ್ರಂಥಿಗಳ ಮೂಲಕ ಹೊರಹಾಕುವುದು. ಬಿಸಿಲೇರಿದ ಮೇಲೆ ಆ ಎಲೆಯನ್ನು ನಾಲಗೆಗೆ ತಾಗಿಸಿ ನೋಡಬಹುದು. ಉಪ್ಪಿನ ಹರಳೇ ಸಿಕ್ಕುವುದು. ನಮ್ಮ ಮನೆಯ ಆಕಳಿಗೆ ಆ ಎಲೆಯ ಮೇಲಿದ್ದ ಆಸೆಗೆ ಇದೇ ಕಾರಣವಿರಬೇಕೆಂದು ನಾವು ಊಹಿಸಿದ್ದೇವೆ.

ಇನ್ನು ಗಾಳಿಯ ಮಾತು. ನೆಂಟರು ಮೂಗು ಮುಚ್ಚುವ ಆ ದುರ್ವಾಸನೆಯೇ ಕೆಸರಿನೊಳಗೆ ಗಾಳಿಯಿಲ್ಲವೆಂಬುದಕ್ಕೆ ಸಾಕ್ಷಿ. ಬೇರಿಗೂ ಉಸಿರು ಬೇಕು. ಆದುದರಿಂದ ಎಲೆಯಲ್ಲಿ ಉಪ್ಪು ಸುರಿಸುವ ಗಿಡದ ಬೇರುಗಳು ಭೂಮಿಗೆ ಇಳಿಯುವ ಬದಲು ಪೆನ್ಸಿಲುಗಳನ್ನು ನೆಟ್ಟಂತೆ ಕೆಸರಿನಿಂದ ಮೇಲಕ್ಕೆ ಎದ್ದಿರುತ್ತವೆ. ಇಳಿತದ ಹೊತ್ತಿನಲ್ಲಿ ಅವು ಗಾಳಿಯನ್ನೆಳೆದುಕೊಂಡು ನೆಲದೊಳಗಿನ ಬೇರುಗಳಿಗೆ ಸಾಗಿಸುವವು. ಮಣ್ಣು ತುಂಬಿಸಿ ಸಮ ಮಾಡುವುದೆಂದರೆ ಈ ಮೂಗುಗಳನ್ನು ಹೂಳುವುದೆಂದೇ ಅರ್ಥ. ಕತ್ತಿ ತಾಗಿಸದೆಯೂ ಗಿಡವನ್ನು ಕೊಲ್ಲಬಹುದು.

ಆದರೆ ನಮ್ಮನ್ನು ಚಿಕ್ಕಂದಿನಿಂದ ಮರುಳು ಮಾಡಿದುದು ಊರುಗೋಲಿನ ಕಾಂಡ್ಲಾ ತನ್ನ ಮರಿಯನ್ನು ಬೆಳೆಸುವ ಬಗೆ. ಬೇರೆ ಮರಗಳು ಬೀಜವನ್ನು ಉದುರಿಸಿ ಸುಮ್ಮನಾಗುವವು. ಉಬ್ಬರವು ದಿನಕ್ಕೆರಡು ಬಾರಿ ಗುಡಿಸಿಹಾಕುವ ಕೆಸರಿನಲ್ಲಿ ಬೀಜವು ಮೊಳೆಯಲು ಬಿಡುವೆಲ್ಲಿ? ಅದಕ್ಕೋಸ್ಕರ ಈ ಮರದಲ್ಲಿ ಬೀಜವು ಕಾಯಿಯೊಳಗಿರುವಾಗಲೇ ಮೊಳೆತು, ಹಸುರು ಕೋಲಿನಂತೆ ಕೆಳಕ್ಕಿಳಿದು, ತಿಂಗಳುಗಟ್ಟಲೆ ತಾಯಿಯ ರಸವನ್ನುಂಡು ಮೊಳದುದ್ದ ಬೆಳೆಯುವುದು. ಬಲಿತ ಮೇಲೆ ಕಳಚಿ ಬೀಳುವುದು. ನೀರಿಳಿದಿದ್ದರೆ ಅಲ್ಲಿಯೇ ನಾಟುವುದುಂಟು. ನೀರೇರಿದ್ದರೆ ತೇಲುತ್ತ ಹೋಗಿ, ವಾರಗಟ್ಟಲೆ ಜೀವ ಹಿಡಿದುಕೊಂಡು, ಎಲ್ಲಿ ನೆಲ ತಾಗುವುದೋ ಅಲ್ಲಿ ಬೇರು ಬಿಡುವುದು. ನಮ್ಮ ಅಜ್ಜಿಯವರು ಅಕ್ಷರ ಬಲ್ಲವರಲ್ಲ. ಅವರು ಇದನ್ನು “ಮಡಿಲಲ್ಲಿ ಬೆಳೆಸಿ ಕಳುಹುವ ಮರ” ಎನ್ನುತ್ತಿದ್ದರು. ಮುಂದೆ ಉಪಾಧ್ಯಾಯಿನಿಯವರು ಇದೇ ಪಾಠವನ್ನು ಕಲಿಸಿದಾಗ ನಮಗೆ ಹೊಸದಾಗಿ ಬಂದುದು ಅದರ ಉದ್ದನೆಯ ಶಾಸ್ತ್ರೀಯ ಹೆಸರು ಮಾತ್ರ.

ಈ ಬೇರುಗಳ ಸಂದಿಯಲ್ಲಿ ಒಂದು ಮೀನಿನ ಒಕ್ಕಲುಂಟು. ಮೀನಾದರೂ ಅದು ಇಳಿತದ ಹೊತ್ತಿಗೆ ನೀರನ್ನು ಹಿಂಬಾಲಿಸಿ ಹೋಗುವುದಿಲ್ಲ. ಎದೆಯ ಈಜುರೆಕ್ಕೆಗಳನ್ನು ಮೊಣಕೈಗಳಂತೆ ಊರಿಕೊಂಡು ಕೆಸರಿನ ಮೇಲೆ ತೆವಳುವುದು, ಬೆದರಿದರೆ ಜಿಗಿಯುವುದು. ಕಿವಿರಿನ ಕೋಣೆಯಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದಲ್ಲದೆ, ಒದ್ದೆಯಾದ ಚರ್ಮದಿಂದಲೂ ಬಾಯಿಯ ಒಳಪೊರೆಯಿಂದಲೂ ಉಸಿರಾಡುವುದು. ತಲೆಯ ಮೇಲಕ್ಕೆ ಉಬ್ಬಿರುವ ಕಣ್ಣುಗಳನ್ನು ಆಗಾಗ್ಗೆ ಒಳಕ್ಕೆಳೆದು ತೇವ ಮಾಡಿಕೊಳ್ಳುವುದು. ಈ ಮೀನುಗಳಲ್ಲಿ ಕೆಲವು ಜಾತಿಗಳು ಕೆಸರಿನ ಬಿಲದಲ್ಲಿ ಮೊಟ್ಟೆಯಿಟ್ಟು, ಅಲ್ಲಿಗೆ ಬಾಯಿತುಂಬ ಗಾಳಿಯನ್ನು ಹೊತ್ತುಕೊಂಡು ಹೋಗಿ ತುಂಬಿಸುತ್ತವೆಂದು ಓದಿದಾಗ ನಮ್ಮ ಹಿರಿಯಕ್ಕ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು.

ಒಂದು ಕೈ ಮಾತ್ರ ಅತಿಯಾಗಿ ಬೆಳೆದ ಗಂಡು ಏಡಿಗಳನ್ನು ಎಲ್ಲರೂ ಕಂಡಿರಬಹುದು. ಆ ದೊಡ್ಡ ಕೈಯಿಂದ ಉಣ್ಣಲಾಗದು; ಹೆಣ್ಣನ್ನು ಕರೆಯುವುದಕ್ಕೂ ಜಗಳಕ್ಕೂ ಮಾತ್ರ ಅದು ಬೇಕು. ಗಂಡಿನ ಊಟವೆಲ್ಲ ಸಣ್ಣ ಕೈಯಿಂದಲೇ. ಹೆಣ್ಣಿಗೆ ಎರಡೂ ಸಣ್ಣ ಕೈಗಳಾದುದರಿಂದ ಅವಳ ಊಟ ಸರಾಗ.

ಮನುಷ್ಯರೂ ಇಂತಹ ನೆಲಕ್ಕೆ ಹೊಂದಿಕೊಂಡುದುಂಟು. ಕುಮಟೆಯ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತವು ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು ಬೆಳೆಯುವುದು. ಆ ಅಳಿವೆಯು 2024ರಲ್ಲಿ ರಾಮ್‌ಸರ್ ಪಟ್ಟಿಯನ್ನು ಸೇರಿತು.

ಚಿಕ್ಕಪ್ಪನವರ ಚಿಂತೆಯಾದರೂ ಸುಳ್ಳಲ್ಲ. ತೋಟದ ಬಡಗಣ ಮೂಲೆಯಲ್ಲಿ ಎರಡು ಮಳೆಗಾಲಗಳಲ್ಲಿ ಮೂರು ತೆಂಗಿನ ಮರಗಳು ಹೊಳೆಯ ಪಾಲಾಗಿದ್ದವು. ತೆಂಗಿನ ಮರವೊಂದು ಫಲ ಕೊಡಲು ಎಷ್ಟು ವರ್ಷ ಸಾಕಬೇಕೆಂಬುದನ್ನು ಬಲ್ಲವರು ಅವರನ್ನು ನಗಲಾರರು. ಆದರೆ ಆ ಮೂಲೆಯೇ ಹಿಂದೊಮ್ಮೆ ದೋಣಿ ನಿಲ್ಲಿಸುವುದಕ್ಕಾಗಿ ಕಾಂಡ್ಲಾ ಕಡಿದ ಜಾಗ. ಪೊದೆಯಿದ್ದಲ್ಲಿ ಒಂದು ಮರವೂ ಬಿದ್ದಿರಲಿಲ್ಲ. ಇಳಿತದ ಹೊತ್ತಿನಲ್ಲಿ ಅವರನ್ನು ದೋಣಿಯಲ್ಲಿ ಕರೆದೊಯ್ದು ಎರಡನ್ನೂ ತೋರಿಸಿದೆವು; ಆಚೆ ದಡದ ಗೋಡೆಯನ್ನೂ ತೋರಿಸಿದೆವು. ಗೋಡೆಗೆ ಬಡಿದ ಅಲೆಯು ಬುಡದ ಮಣ್ಣನ್ನು ಕೊರೆದಿತ್ತು. ಗೋಡೆ ಮುಗಿದಲ್ಲಿ ದಡವು ಅರ್ಧಚಂದ್ರಾಕಾರವಾಗಿ ಕುಸಿದಿತ್ತು. ಬೇರುಗಳ ಜಾಲವು ಅಲೆಯನ್ನು ಎದುರಿಸದೆ ಸಣ್ಣದಾಗಿ ಒಡೆದು, ಅದು ಹೊತ್ತು ತಂದ ಮಣ್ಣನ್ನು ಇಳಿಸಿಕೊಳ್ಳುವುದು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಕಾಲದಿಂದ ಈ ಗಿಡಗಳಿಗೆ ಕಾನೂನಿನ ರಕ್ಷಣೆಯೂ ಉಂಟೆಂದು ನೆನಪಿಸಿದೆವು. ಕತ್ತಿಗೆ ಅಧಿಸೂಚನೆ ಓದಲು ಬಾರದೆಂಬುದು ಬೇರೆ ಮಾತು.

ಚಿಕ್ಕಪ್ಪನವರು ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ, “ಎರಡು ಮಳೆಗಾಲ ನೋಡುವ. ಮತ್ತೆ ಗೋಡೆಯೇ ಸೈ,” ಎಂದರು. ಬಲಿತು ಬಿದ್ದ ನೂರು ಕೋಲುಗಳನ್ನು ಹೆಕ್ಕಿ ತಂದು ಬಡಗಣ ಮೂಲೆಯಲ್ಲಿ ನೆಟ್ಟು ಬಿದಿರಿನ ಬೇಲಿ ಹಾಕಿದೆವು. ಮೊದಲ ಮಳೆಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೇಲಿಹೋದವು. ಇನ್ನೊಂದು ತೆಂಗಿನ ಮರವೂ ಬಿದ್ದಿತು. ಆ ದಿನ ಮನೆಯಲ್ಲಿ ಯಾರೂ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಎರಡನೆಯ ಮಳೆಗಾಲದಲ್ಲಿ ಮರ ಬೀಳಲಿಲ್ಲ. ಉಳಿದ ಸಸಿಗಳು ಮೂರು ನಾಲ್ಕು ಜೊತೆ ಎಲೆ ಬಿಟ್ಟಿವೆ. ಅವುಗಳ ಬುಡದಲ್ಲಿ ಏಡಿಗಳ ಬಿಲಗಳು ಕಾಣಿಸಿಕೊಂಡಿವೆ.

ಕಳೆದ ತಿಂಗಳು ಯಾರದೋ ದನ ನುಗ್ಗಿ ಬೇಲಿಯನ್ನು ಮುರಿಯಿತು. ನಾವು ವಿಷಯ ತಿಳಿದು ಓಡಿಹೋಗುವಷ್ಟರಲ್ಲಿ ಚಿಕ್ಕಪ್ಪನವರು ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು ಹೊಸ ಬಿದಿರನ್ನು ಕಟ್ಟುತ್ತಿದ್ದರು. ಕಲ್ಲಿನ ದರವನ್ನು ಅವರು ಈಗಲೂ ವಿಚಾರಿಸುತ್ತಲೇ ಇದ್ದಾರೆ.